ಸೋಮವಾರದ ಹೊಟ್ಟೆನೋವು: ಕಲಿಕೆಯ ತೊಂದರೆ, ಮಕ್ಕಳ ಮನಸ್ಸು – ಓದುಗರ ಪ್ರಶ್ನೆ, ತಜ್ಞರ ಉತ್ತರ

ಶಾಲೆ, ಕಾಲೇಜು ಮಕ್ಕಳ ಕಲಿಕೆಯ ತೊಂದರೆ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಬಂದ ಪತ್ರಗಳಲ್ಲಿ ಏಳಕ್ಕೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಎರಡು ದೂರು ಜೊತೆಯಾಗಿಯೇ ಬಂದಿವೆ: ಮಗು ಓದುತ್ತಿಲ್ಲ, ಮಗು ಮಂಕಾಗಿದೆ. ಮೊದಲನೆಯದನ್ನು ಯಾರೂ ಬಿಡಿಸಿ ನೋಡದೆ ಹೋದದ್ದರಿಂದ ಎರಡನೆಯದು ಬೆಳೆಯಿತು ಎಂದೇ ಈ ಪತ್ರಗಳನ್ನು ಓದುವಾಗ ನಮಗೆ ಅನ್ನಿಸಿದ್ದು.

ನನ್ನ ಮಗ ಮೂರನೇ ಕ್ಲಾಸು, ಕನ್ನಡ ಮಾಧ್ಯಮ. ಬೋರ್ಡಿನ ಮೇಲಿರುವುದನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಂಡು ಬರುತ್ತಾನೆ. ಬರೆದದ್ದನ್ನೇ ಓದು ಅಂದರೆ ಬಾಯಿ ಬಿಡುವುದಿಲ್ಲ. ಕಥೆ ಹೇಳು ಅಂದರೆ ಮಾತ್ರ ಎಷ್ಟು ಹೊತ್ತು ಬೇಕಾದರೂ ಹೇಳುತ್ತಾನೆ. ‘ಬುದ್ಧಿ ಇದೆ, ಸೋಮಾರಿ’ ಅನ್ನುತ್ತಾರೆ ಅವರ ಮಿಸ್ಸು. ಎರಡು ತಿಂಗಳಿಂದ ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಅಂದರು. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಅಮ್ಮಾ, ಆ ಹೊಟ್ಟೆನೋವು ನಾಟಕವಲ್ಲ. ಹೆದರಿಕೆಗೆ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ. ಭಾನುವಾರ ಇಲ್ಲದ ನೋವು ಸೋಮವಾರ ಬೆಳಿಗ್ಗೆ ಬರುತ್ತದೆಯೇ, ಶಾಲೆ ತಪ್ಪಿತು ಅಂತಾದ ಮೇಲೆ ತಾನಾಗಿ ಇಳಿಯುತ್ತದೆಯೇ ಎಂದು ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಗಿದ್ದರೆ ಶಾಲೆಯಲ್ಲಿ ಅವನು ಹೆದರುವಂಥದ್ದು ಏನೋ ಇದೆ. ನಿಮ್ಮ ಪತ್ರ ನೋಡಿದರೆ ಅದು ಎದ್ದು ನಿಂತು ಓದುವ ಸರದಿ ಇರಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ವಾಂತಿ, ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಮತ್ತೆ ವೈದ್ಯರಿಗೆ ತೋರಿಸಲೇಬೇಕು.

ನೋಡಿ ಬರೆಯುವುದು ಬೇರೆ, ಓದುವುದು ಬೇರೆ. ರಂಗೋಲಿಯ ಚುಕ್ಕಿ ಸೇರಿಸಿದ ಹಾಗೆ ಅಕ್ಷರದ ಆಕಾರವನ್ನು ಇಳಿಸಿಕೊಳ್ಳುವುದಕ್ಕೆ ಅದರ ಧ್ವನಿ ಗೊತ್ತಿರಬೇಕಾಗಿಲ್ಲ. ಹೀಗಾಗಿ ನೋಟ್‌ಬುಕ್ ಚೆನ್ನಾಗಿರುವ ಮಗುವಿನ ತೊಂದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸೋರುತ್ತಿದ್ದರೂ ‘ಪ’ ಮತ್ತು ‘ಬ’ದ ವ್ಯತ್ಯಾಸ ಸರಿಯಾಗಿ ಕೇಳಿಸದು. ಅದು ಸರಿಯಿದ್ದರೆ ಮನೆಯಲ್ಲೇ ಒಂದು ಸಂಜೆ ಹೀಗೆ ನೋಡಬಹುದು. ಎರಡನೇ ತರಗತಿಯ, ಅವನು ಕಂಠಪಾಠ ಮಾಡಿರದ ಒಂದು ಪ್ಯಾರಾ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ, ತಪ್ಪಿದ ಪದವನ್ನು ಅವನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಆಮೇಲೆ ಅದೇ ಪ್ಯಾರಾದ ಪದಗಳನ್ನು ಕೊನೆಯಿಂದ ಹಿಂದಕ್ಕೆ ಒಂದೊಂದಾಗಿ ಬೆರಳಿಟ್ಟು ಕೇಳಿ. ಮುಂದಕ್ಕೆ ಸರಾಗವಾಗಿ ‘ಓದಿ’ ಹಿಂದಕ್ಕೆ ತಡವರಿಸಿದರೆ ಅವನು ಓದುತ್ತಿಲ್ಲ, ಕೇಳಿದ್ದನ್ನು ನೆನಪಿನಿಂದ ಒಪ್ಪಿಸುತ್ತಿದ್ದಾನೆ. ಮೂರನೆಯದಾಗಿ ಅರ್ಥವೇ ಇಲ್ಲದ ನಾಲ್ಕು ಪದ ಬರೆದು ಕೊಡಿ: ಮಟಗ, ಲಿಪುಡೆ, ಚೊರ್ನಿ, ಸಾಕ್ಟು. ಊಹಿಸಲು ಇಲ್ಲಿ ಅವಕಾಶವಿಲ್ಲ, ಅಕ್ಷರ ಬಿಡಿಸಿ ಕೂಡಿಸಲು ಬರುತ್ತದೋ ಇಲ್ಲವೋ ನೇರವಾಗಿ ಕಾಣುತ್ತದೆ. ಕೊನೆಗೆ ಪುಸ್ತಕ ಮುಚ್ಚಿ ಬಾಯಿಮಾತಿನ ಆಟ: ‘ಕಮಲ’ದಲ್ಲಿ ‘ಮ’ ತೆಗೆದರೆ ಏನು ಉಳಿಯುತ್ತದೆ? ‘ಕಾವೇರಿ’ಯಲ್ಲಿ ‘ವೇ’ ತೆಗೆದರೆ?

ಇನ್ನೊಂದು ಹೋಲಿಕೆಯೂ ಬೇಕು. ಒಂದು ಸಣ್ಣ ಕಥೆಯನ್ನು ನೀವೇ ಓದಿ ಹೇಳಿ ಪ್ರಶ್ನೆ ಕೇಳಿ. ಅಷ್ಟೇ ಉದ್ದದ ಇನ್ನೊಂದನ್ನು ಅವನಿಂದ ಓದಿಸಿ ಪ್ರಶ್ನೆ ಕೇಳಿ. ಕೇಳಿದ್ದಕ್ಕೆ ಚಕಚಕನೆ ಉತ್ತರ ಬಂದು, ಓದಿದ್ದಕ್ಕೆ ಬಾರದೆ ಹೋದರೆ ಭಾಷೆ, ಬುದ್ಧಿ ಎರಡೂ ಚೆನ್ನಾಗಿವೆ, ಅಕ್ಷರ ಬಿಡಿಸುವ ಕಡೆ ತೊಡಕಿದೆ ಎಂದು ತಿಳಿಯಬಹುದು. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಮುಂದಿಟ್ಟ ಲೆಕ್ಕ ಇದೇ: ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ, ಭಾಷೆಯ ತಿಳಿವಳಿಕೆ ಇವೆರಡರ ಗುಣಲಬ್ಧ. ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ.

ತಪ್ಪುಗಳ ಪಟ್ಟಿಯನ್ನು ಗಮನವಿಟ್ಟು ನೋಡಿ. ಕನ್ನಡದಲ್ಲಿ ಮಕ್ಕಳು ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವು. ‘ಕೊಡು’ ‘ಕೋಡು’ ಆಗುವುದು ದೀರ್ಘದ ತೊಡಕು. ‘ಅಕ್ಕ’ ‘ಅಕ’ ಆಗುವುದು ಒತ್ತಕ್ಷರದ್ದು. ‘ಸೂರ್ಯ’ ‘ಸೂಯರ’ ಆಗುವುದು ಅರ್ಕಾವೊತ್ತಿನದು. ಅಲ್ಲಿ ಮಗುವನ್ನು ಬೈಯುವ ಮುನ್ನ ಒಂದು ಕ್ಷಣ ಯೋಚಿಸಿ, ಬಾಯಲ್ಲಿ ಮೊದಲು ಬರುವ ‘ರ್’ ಕಾಗದದ ಮೇಲೆ ‘ಯ’ದ ನಂತರ ಕೂತಿರುತ್ತದೆ. ಕನ್ನಡ ವರ್ಣಮಾಲೆ 49 ಅಕ್ಷರದ್ದಾದರೂ 34 ವ್ಯಂಜನಕ್ಕೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಕ್ಷರಜ್ಞಾನ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ನಡೆದೇ ಇರುತ್ತದೆ ಎಂದು ಕಂಡುಬಂದಿತ್ತು. ಆದ್ದರಿಂದ ಮೂರನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದರೆ ಗಾಬರಿ ಬೇಡ. ತಲೆಕಟ್ಟು, ಇಳಿ, ಗುಡಿಸು, ಕೊಂಬಿನಲ್ಲೇ ನಿಂತುಬಿಟ್ಟಿದ್ದರೆ ತಡ ಮಾಡಬಾರದು.

ಕಲಿಸುವುದು ಹೀಗೆ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, ಊಟವಾದ ಮೇಲೆ ಬೇಡ. ಐದು ನಿಮಿಷ ಬರುವ ಅಕ್ಷರಗಳ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), ಐದು ನಿಮಿಷ ಹೊಸ ಮೂರು ಅಕ್ಷರ, ಐದು ನಿಮಿಷ ಅವೇ ಅಕ್ಷರಗಳಿಂದ ಪದ ಕಟ್ಟಿ ಬರೆಯುವುದು, ಉಳಿದದ್ದರಲ್ಲಿ ಅವನಿಗೆ ಸುಲಭವಾದ ನಾಲ್ಕು ಸಾಲು ಓದುವುದು. ನೋಡಲು ಹತ್ತಿರವಿರುವ ಪ–ಷ–ಫ, ಮ–ವ, ದ–ಧ–ಥ, ಬ–ಭ ಇವನ್ನು ಒಂದೇ ವಾರ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ಅಡ್ಡಡ್ಡ ರಾಗವಾಗಿ ಹೇಳಿಸಿದರೆ ರಾಗವಷ್ಟೇ ಉಳಿಯುತ್ತದೆ. ‘ಕಿ, ಗಿ, ಮಿ, ಲಿ’ ಎಂದು ಒಂದೇ ಗುಡಿಸನ್ನು ಬೇರೆ ಬೇರೆ ಅಕ್ಷರಕ್ಕೆ ಹಾಕಿ ತೋರಿಸಿ, ಚಿಹ್ನೆಯ ಧ್ವನಿ ಆಗ ಕೈಗೆ ಸಿಗುತ್ತದೆ. ನೂರು ಸಲ ಬರೆಸುವ ಶಿಕ್ಷೆಯಿಂದ ಯಾವ ಪ್ರಯೋಜನವೂ ಇಲ್ಲ; ಹತ್ತನೆಯ ಸಲಕ್ಕೆ ಮಗು ಮತ್ತೆ ಚಿತ್ರ ಬಿಡಿಸಲು ತೊಡಗಿರುತ್ತದೆ.

ಶಾಲೆಗೆ ಹೋಗಿ ಒಂದೇ ಒಂದು ಮಾತು ಕೇಳಿಕೊಳ್ಳಿ: ಹಿಂದಿನ ದಿನವೇ ಗುರುತು ಮಾಡಿ ಕೊಟ್ಟ ಎರಡು ಸಾಲನ್ನು ಮಾತ್ರ ಅವನಿಂದ ತರಗತಿಯಲ್ಲಿ ಓದಿಸಲಿ. ಬೆಳಿಗ್ಗೆ ನೋವೆಂದಾಗ ಮನೆಯಲ್ಲಿ ಉಳಿಸಿಕೊಂಡರೆ ಅವತ್ತು ಹಾಯಾಗುತ್ತದೆ, ಮರುದಿನದ ಹೆದರಿಕೆ ದುಪ್ಪಟ್ಟಾಗುತ್ತದೆ. ತಡವಾದರೂ ಕಳಿಸಿ, ಅರ್ಧ ದಿನವಾದರೂ ಸರಿ. ಆರು ತಿಂಗಳು ಹೀಗೆ ಕಲಿಸಿದರೂ ಮುಂದೆ ಸರಿಯದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಿ. ಹೋಗುವಾಗ ತಪ್ಪುಗಳ ಪಟ್ಟಿ, ಎರಡು ವರ್ಷದ ನೋಟ್‌ಬುಕ್ಕು, ಅಂಕಪಟ್ಟಿ ಒಯ್ಯಿರಿ.

ಬಣ್ಣದ ಗಾಜಿನ ಕನ್ನಡಕ ಹಾಕಿದರೆ ಅಕ್ಷರ ಕುಣಿಯುವುದು ನಿಲ್ಲುತ್ತದೆ, ಜೊತೆಗೆ ಮಿಡ್‌ಬ್ರೇನ್ ತರಬೇತಿ ಕೊಡುತ್ತೇವೆ ಎಂದು ಒಂದು ಕೇಂದ್ರದವರು 25 ಸಾವಿರ ಕೇಳುತ್ತಿದ್ದಾರೆ. ಕೊಡಬಹುದೇ?
– ತುಮಕೂರು

ಕೊಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿ ಹೇಳಿಕೆ ಕೊಟ್ಟು, ಬಣ್ಣದ ಕನ್ನಡಕಕ್ಕಾಗಲಿ ಕಣ್ಣಿನ ವ್ಯಾಯಾಮಕ್ಕಾಗಲಿ ಡಿಸ್ಲೆಕ್ಸಿಯಾ (ಅಕ್ಷರ ಬಿಡಿಸಿ ಓದುವಲ್ಲಿನ ತೊಂದರೆ) ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದಿವೆ. ಡಿಸ್ಲೆಕ್ಸಿಯಾದ ಮುಖ್ಯ ತೊಡಕು ಕಣ್ಣಿನದಲ್ಲ, ಧ್ವನಿಯನ್ನೂ ಅಕ್ಷರವನ್ನೂ ಜೋಡಿಸುವ ಕಡೆಯದು. ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಮಿಡ್‌ಬ್ರೇನ್ ತರಬೇತಿ ಶುದ್ಧ ಕಣ್ಕಟ್ಟು. ಅದೇ ಹಣದಲ್ಲಿ ವಿಶೇಷ ಶಿಕ್ಷಕರೊಬ್ಬರಿಂದ ಕೆಲವು ತಿಂಗಳಾದರೂ ಪಾಠ ಹೇಳಿಸಬಹುದು.

ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. 38 ಮಕ್ಕಳಲ್ಲಿ 14 ಮಂದಿಗೆ ಸರಳ ವಾಕ್ಯ ಓದಲು ಬರುವುದಿಲ್ಲ. ಇವರೆಲ್ಲರಿಗೂ ಕಲಿಕಾ ನ್ಯೂನತೆ ಇದೆಯೇ? ಯಾರನ್ನು ಪರೀಕ್ಷೆಗೆ ಕಳಿಸಲಿ?
– ಶಿಕ್ಷಕ, ಯಾದಗಿರಿ ಜಿಲ್ಲೆ

ಇಲ್ಲ ಸರ್, ಹದಿನಾಲ್ಕು ಮಂದಿಗೂ ಇರಲಾರದು. ನಿಮ್ಮ ಕಡೆ ಪ್ರತಿ ವರ್ಷ ಗುಳೆ ಹೋಗುವ ಮನೆಯ ಮಕ್ಕಳು ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಳ್ಳುತ್ತಾರೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಗುರುಮಠಕಲ್ ಕಡೆ ತೆಲುಗು. ಕಾನೂನು, ವಿಜ್ಞಾನ ಎರಡೂ ಇದನ್ನು ಬೇರೆಯಾಗಿಯೇ ನೋಡುತ್ತವೆ: ಕಲಿಸದೆ ಹೋದದ್ದು, ಭಾಷೆ ಬಾರದ್ದು ನ್ಯೂನತೆಯಲ್ಲ. ಆಡುಮಾತಿನ ಉಚ್ಚಾರವನ್ನೂ ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ಹಳೇ ಮೈಸೂರು ಸೀಮೆಯ ಮಗು ‘ಹಾಲು’ ನೋಡಿ ‘ಆಲು’ ಅಂದರೆ, ನಿಮ್ಮ ಮಗು ‘ಬರುತ್ತದೆ’ ನೋಡಿ ‘ಬರ್ತದ’ ಅಂದರೆ ಅದು ಓದಿದೆ ಎಂದೇ ಅರ್ಥ. ಕಣ್ಣು ಸರಿಯಾದ ಪದವನ್ನೇ ಹಿಡಿದಿದೆ, ಬಾಯಿ ಮನೆಯ ಮಾತಿನಲ್ಲಿ ಹೇಳಿದೆ.

ಬೇರ್ಪಡಿಸುವ ದಾರಿ ಎಂದರೆ ಮೊದಲು ಚೆನ್ನಾಗಿ ಕಲಿಸಿ, ಆಮೇಲೆ ನೋಡುವುದು. ಹದಿನಾಲ್ಕು ಮಂದಿಯನ್ನೂ ಅಕ್ಷರಜ್ಞಾನದ ಮೇಲೆ ಮೂರು ಗುಂಪು ಮಾಡಿ: ಮೂಲಾಕ್ಷರವೇ ಬಾರದವರು, ಕಾಗುಣಿತದಲ್ಲಿ ನಿಂತವರು, ಒತ್ತಕ್ಷರದಲ್ಲಿ ನಿಂತವರು. ತರಗತಿಯ ಮಟ್ಟ ಮರೆತುಬಿಡಿ. ದಿನಕ್ಕೆ 30 ನಿಮಿಷ, ಎಂಟು ವಾರ ಕಲಿಸಿ. ಪ್ರತಿ ಶುಕ್ರವಾರ ಒಬ್ಬೊಬ್ಬರಿಂದ ಒಂದು ನಿಮಿಷ ಓದಿಸಿ, ಸರಿಯಾದ ಪದಗಳ ಸಂಖ್ಯೆಯನ್ನು ಚೌಕಳಿ ಹಾಳೆಯಲ್ಲಿ ಚುಕ್ಕಿ ಇಡಿ. ಎಂಟು ಚುಕ್ಕಿ ಸೇರಿಸಿದಾಗ ಬಹುಪಾಲು ಮಕ್ಕಳ ಗೆರೆ ಮೇಲಕ್ಕೆ ಹತ್ತುತ್ತದೆ. ದಿನವೂ ಶಾಲೆಗೆ ಬಂದೂ, ಭಾಷೆ ಬಂದೂ, ಗೆರೆ ಮಲಗಿಯೇ ಇರುವ ಒಂದಿಬ್ಬರು ಉಳಿಯುತ್ತಾರೆ. ಪರೀಕ್ಷೆಗೆ ಕಳಿಸಬೇಕಾದವರು ಅವರು. ಇಲ್ಲಿ ಆಗುವ ತಪ್ಪು ಒಂದೇ, ಹಾಜರಾತಿ ಗುರುತು ಹಾಕದಿರುವುದು. ಎಂಟು ವಾರದಲ್ಲಿ ಮೂರು ವಾರ ಬಾರದ ಮಗುವಿನ ಗೆರೆಯಿಂದ ಏನೂ ಹೇಳಲಾಗದು.

ತಪಾಸಣೆಗೆ ಕನ್ನಡದಲ್ಲೇ ಸಾಧನಗಳಿವೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಹೊರತಂದ ‘ಡಾಲಿ’ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಒಂದು–ಎರಡನೇ ತರಗತಿಗೆ ಒಂದು, ಮೂರರಿಂದ ಐದಕ್ಕೆ ಒಂದು ಪ್ರಶ್ನಾವಳಿಯನ್ನು ಶಿಕ್ಷಕರೇ ತುಂಬಬಹುದು. ಅದು ಶಂಕೆ ಮೂಡಿಸುವ ಜರಡಿಯಷ್ಟೇ, ರೋಗನಿರ್ಣಯವಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ಮಕ್ಕಳ ಹೆಸರು ಮೊದಲೇ ಬರೆದಿಟ್ಟು ಕೊಡಿ. ಅವರು ನೋಡಬೇಕಾದ ಪಟ್ಟಿಯಲ್ಲಿ ದೃಷ್ಟಿ, ಶ್ರವಣ, ರಕ್ತಹೀನತೆ ಜೊತೆಗೆ ಕಲಿಕಾ ತೊಂದರೆಯೂ ಇದೆ. ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ ನಿಮ್ಮ ಚೌಕಳಿ ಹಾಳೆ ಕೊಟ್ಟರೆ ‘ಓದಲು ಬರುವುದಿಲ್ಲ’ ಎಂಬ ಒಂದು ಸಾಲಿಗಿಂತ ಹತ್ತು ಪಟ್ಟು ಉಪಯೋಗ.

ನ್ಯೂಜೆರ್ಸಿಯಲ್ಲಿದ್ದೇವೆ. ಎರಡನೇ ತರಗತಿಯ ಮಗಳಿಗೆ ಡಿಸ್ಲೆಕ್ಸಿಯಾ ಎಂದು ಗೊತ್ತಾಗಿದೆ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಎರಡು ಭಾಷೆಯಿಂದಲೇ ಹೀಗಾಯಿತೇ?

ಎರಡು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಒಂದನ್ನು ಬಿಟ್ಟರೆ ಹೋಗುವುದೂ ಇಲ್ಲ. ಇಂಗ್ಲಿಷಿನಲ್ಲಿ ಅದು ಎದ್ದು ಕಾಣುವುದಕ್ಕೆ ಆ ಭಾಷೆಯ ಸ್ಪೆಲ್ಲಿಂಗೇ ಒಂದು ಕಾರಣ. ಸೀಮೋರ್ ಮತ್ತು ಸಂಗಡಿಗರು ಯೂರೋಪಿನ ಹಲವು ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆದಂತೆ ಓದುವ ಭಾಷೆಗಳ ಮಕ್ಕಳು ಮೊದಲ ವರ್ಷದ ಕೊನೆಗೆ ಪರಿಚಿತ ಪದಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಸರಿಯಾಗಿ ಓದುತ್ತಿದ್ದರೆ, ಇಂಗ್ಲಿಷಿನಲ್ಲಿ ಕಲಿಯುವ ಮಕ್ಕಳು ಓದಿದ್ದು ಶೇ. 34 ಮಾತ್ರ. ಕನ್ನಡದಂಥ ಲಿಪಿಯಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ತಪ್ಪಿಗಿಂತ ಹೆಚ್ಚಾಗಿ ನಿಧಾನದಿಂದ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಮಾತು, ಕಥೆ, ಅಜ್ಜಿಯ ಜೊತೆ ಫೋನು ಎಲ್ಲ ಕನ್ನಡದಲ್ಲೇ ನಡೆಯಲಿ. ಕನ್ನಡ ಶಾಲೆಯ ಬರವಣಿಗೆಯ ಮನೆಗೆಲಸವನ್ನು ಮಾತ್ರ ಒಂದೆರಡು ವರ್ಷ ಕಡಿಮೆ ಮಾಡಿಸಿ. ಶಾಲೆ ಇನ್ನೂ ವಿಶೇಷ ಶಿಕ್ಷಣದ ಮೌಲ್ಯಮಾಪನ ಮಾಡಿಲ್ಲವಾದರೆ ಬರವಣಿಗೆಯಲ್ಲೇ ಕೇಳಿ. ಅಲ್ಲಿನ ಕೇಂದ್ರ ಕಾನೂನಿನಂತೆ ಅದು ಉಚಿತ. ಮನೆಮಾತು ಕನ್ನಡ ಎಂದು ಅರ್ಜಿಯಲ್ಲಿ ತಪ್ಪದೆ ಬರೆಯಿರಿ.

ಮಗಳು ಒಂಬತ್ತನೇ ತರಗತಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗಲೆಂದು ಸರ್ಟಿಫಿಕೇಟ್ ಮಾಡಿಸಬೇಕೆಂದಿದ್ದೇವೆ. ಖಾಸಗಿಯಲ್ಲಿ ನೋಡಿದವರು ಐಕ್ಯೂ 82 ಬಂದಿದೆ, ಸಿಗುವುದು ಕಷ್ಟ ಅಂದರು. ಸಿಕ್ಕರೂ ‘ಅಂಗವಿಕಲೆ’ ಎಂಬ ಹಣೆಪಟ್ಟಿ ಬೀಳುತ್ತದಲ್ಲ ಎಂದು ಇವಳ ತಾಯಿಗೆ ಚಿಂತೆ.
– ತಂದೆ, ಹುಬ್ಬಳ್ಳಿ

ಕಾನೂನು ಮೊದಲು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ಗುರುತಿಸಿದ 21 ನ್ಯೂನತೆಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಒಂದು. ಓದಿನ ಡಿಸ್ಲೆಕ್ಸಿಯಾ, ಬರಹದ ಡಿಸ್‌ಗ್ರಾಫಿಯಾ, ಲೆಕ್ಕದ ಡಿಸ್‌ಕ್ಯಾಲ್ಕುಲಿಯಾ ಎಲ್ಲ ಅದರೊಳಗೆ ಬರುತ್ತವೆ. 2018ರ ಜನವರಿಯ ಮಾರ್ಗಸೂಚಿಯಂತೆ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ ಸಿಗುತ್ತಿತ್ತು, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಇತ್ತು. ಮೊದಲು ಬುದ್ಧಿಮಟ್ಟದ ಪರೀಕ್ಷೆ, ಆಮೇಲೆ ನಿಮ್ಹಾನ್ಸ್‌ನ ಕಲಿಕಾ ಪರೀಕ್ಷೆಗಳು. ಅದರಲ್ಲಿ ಗಮನಕ್ಕೆ ಅಂಕಿ ಹೊಡೆದುಹಾಕುವ ಪರೀಕ್ಷೆ, ಓದು, ಉಕ್ತಲೇಖನ, ಆಕೃತಿ ನೋಡಿ ಬಿಡಿಸುವುದು, ಸ್ಮರಣೆ, ಲೆಕ್ಕ ಇರುತ್ತವೆ. ಮಗುವಿಗೆ ಸುಸ್ತಾದರೆ ಅಂಕ ಬೀಳುತ್ತದೆ, ಆದ್ದರಿಂದ ಎರಡು ದಿನಕ್ಕೆ ಹಂಚಿ ಮಾಡಿ ಎಂದು ಕೇಳಿಕೊಳ್ಳಬಹುದು.

ಈಗ 82ರ ವಿಷಯ. 2018ರ ಮಾರ್ಗಸೂಚಿ 85ಕ್ಕೆ ಗೆರೆ ಎಳೆದಿತ್ತು. ಸಂಶೋಧನೆ ಈ ಗೆರೆಯನ್ನು ಒಪ್ಪುವುದಿಲ್ಲ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಐಕ್ಯೂ 82 ಇರುವ, 102 ಇರುವ ಇಬ್ಬರು ಮಕ್ಕಳೂ ಓದುವಾಗ ಎಡವುವುದು ಧ್ವನಿ–ಅಕ್ಷರ ಜೋಡಿಸುವ ಒಂದೇ ಜಾಗದಲ್ಲಿ, ಇಬ್ಬರಿಗೂ ಬೇಕಾದ ಪಾಠ ಒಂದೇ. ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯ ಐದನೇ ಆವೃತ್ತಿ 2013ರಲ್ಲೇ ಐಕ್ಯೂಗೂ ಓದಿಗೂ ಅಂತರವಿರಬೇಕೆಂಬ ಷರತ್ತನ್ನು ಕೈಬಿಟ್ಟಿತು. ನಿಮ್ಮ ಮಟ್ಟಿಗೆ ಮಾಡಬಹುದಾದದ್ದು ಮೂರು. ಐಕ್ಯೂ ಯಾವ ಭಾಷೆಯಲ್ಲಿ ನೋಡಿದರು, ಅವಳಿಗೆ ಅವತ್ತು ಜ್ವರ, ಹೆದರಿಕೆ ಇತ್ತೇ ಎಂದು ಕೇಳಿ; ಯಾವ ಪರೀಕ್ಷೆಯಲ್ಲೂ ಒಂದಿಷ್ಟು ಅಂಕ ಆಚೀಚೆ ಆಗುವುದು ಸಹಜ, ಗೆರೆಯ ಹತ್ತಿರ ಅದು ದೊಡ್ಡ ವಿಷಯ. ಉಪಪರೀಕ್ಷೆಗಳ ಅಂಕ ಬಿಡಿಸಿ ಕೇಳಿ. ಓದು ಬೇಡುವ ಭಾಗವಷ್ಟೇ ಬಿದ್ದು ಉಳಿದವು ಚೆನ್ನಾಗಿದ್ದರೆ ಸರಾಸರಿ 82 ಮೋಸ ಮಾಡುತ್ತದೆ. ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾಗಿದೆ, ಪರೀಕ್ಷೆ ಮಾಡುವ ಸರ್ಕಾರಿ ಕೇಂದ್ರದಲ್ಲಿ ಈಗ ಅನುಸರಿಸುವ ಕ್ರಮ ಯಾವುದೆಂದು ತಿಳಿದು ಅರ್ಜಿ ಹಾಕಿ. ಪ್ರಮಾಣಪತ್ರ ಸರ್ಕಾರಿ ವೈದ್ಯಕೀಯ ಪ್ರಾಧಿಕಾರದಿಂದಲೇ ಆಗಬೇಕು, ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್ ಮೂಲಕ. ಖಾಸಗಿ ವರದಿ ಪೂರಕ ದಾಖಲೆಯಷ್ಟೇ.

ಸಿಕ್ಕಿದರೆ ಏನು ಲಾಭ? ಪರೀಕ್ಷೆಗಳ ಬಗ್ಗೆಯೇ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಂತೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬೇಕಿದ್ದರೆ ಅವಳು ಹೇಳಿದ್ದನ್ನು ಬರೆಯುವವರು. ಡಿಸ್‌ಗ್ರಾಫಿಯಾ ಇದ್ದ ನೀಟ್ ವಿದ್ಯಾರ್ಥಿನಿಗೆ ಆ ಒಂದು ಗಂಟೆ ಕೊಡದೆ ಉತ್ತರಪತ್ರಿಕೆ ಕಸಿದುಕೊಂಡ ಪ್ರಕರಣದಲ್ಲಿ 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದು ಅನ್ಯಾಯವೆಂದು ಹೇಳಿತು. ಎಸ್ಸೆಸ್ಸೆಲ್ಸಿಗೆ ಯಾವ ವಿಷಯಕ್ಕೆ ಏನು ರಿಯಾಯಿತಿ ಎಂಬುದು ಮಂಡಳಿಯ ಆಯಾ ವರ್ಷದ ಸುತ್ತೋಲೆಯಲ್ಲಿರುತ್ತದೆ. ಮುಖ್ಯೋಪಾಧ್ಯಾಯರ ಮೂಲಕ ನೋಂದಣಿಯ ಹೊತ್ತಿಗೇ ಅರ್ಜಿ ಹೋಗಿರಬೇಕು. ಒಂಬತ್ತರಲ್ಲೇ ಹೊರಟಿದ್ದೀರಿ, ಒಳ್ಳೆಯದಾಯಿತು. ಬರೆಯುವವರನ್ನು ತೆಗೆದುಕೊಳ್ಳುವುದಾದರೆ ಕನಿಷ್ಠ ಹತ್ತು ಪತ್ರಿಕೆ ಹೇಳಿ ಬರೆಸಿ ಅಭ್ಯಾಸವಾಗಲಿ. ‘ವರ್ಗಮೂಲದೊಳಗೆ ಬಿ ವರ್ಗ ಕಳೆ ನಾಲ್ಕು ಎಸಿ’ ಎಂದು ಬಾಯಲ್ಲಿ ಹೇಳುವುದು ಹೊಸ ವಿದ್ಯೆಯೇ. ಅಭ್ಯಾಸವಿಲ್ಲದೆ ಹೋದ ಮಕ್ಕಳು ಹೆಚ್ಚುವರಿ ಸಮಯವನ್ನೆಲ್ಲ ಅದಕ್ಕೇ ಕಳೆದುಬಿಡುತ್ತಾರೆ.

ಹಣೆಪಟ್ಟಿಯ ಚಿಂತೆಗೆ: ಅಂಕಪಟ್ಟಿ ನೋಡಿದವರೆಲ್ಲ ಈಗಾಗಲೇ ಅವಳಿಗೆ ‘ದಡ್ಡಿ’ ಎಂಬ ಪಟ್ಟಿ ಹಚ್ಚಿರಬಹುದು, ಅದಕ್ಕಿಂತ ಇದು ನಿಜಕ್ಕೆ ಹತ್ತಿರ. ಆದರೆ ಅವಳನ್ನು ಕೇಳಿಯೇ ಮಾಡಿ. ಹದಿನಾಲ್ಕರ ಹುಡುಗಿಗೆ ಹೇಳದೆ ಮಾಡಿಸಿದ ಪರೀಕ್ಷೆ ಅವಳ ಮನಸ್ಸಿನಲ್ಲಿ ‘ನನ್ನಲ್ಲಿ ಏನೋ ಕೆಟ್ಟಿದೆ’ ಎಂದೇ ಉಳಿಯುತ್ತದೆ.

ಮೇಡಂ, ನಾನು ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಎಲ್ಲ ಲೆಕ್ಕ ಬರುತ್ತೆ. ಹಾಲ್‌ನಲ್ಲಿ ಪೇಪರ್ ಕೈಗೆ ಬಂದ ತಕ್ಷಣ ಕೈ ಬೆವರುತ್ತೆ, ಎಲ್ಲ ಖಾಲಿ ಆಗುತ್ತೆ. ರಾತ್ರಿ ಒಂದು ಗಂಟೆವರೆಗೂ ಓದ್ತೀನಿ. ಆದರೂ ಹೀಗೆ. ನನಗೂ ಕಲಿಕೆಯ ತೊಂದರೆ ಇದೆಯಾ?
– ತೀರ್ಥಹಳ್ಳಿ

ತಂಗಿ, ನೀನು ಬರೆದದ್ದು ಪರೀಕ್ಷೆಯ ಆತಂಕದ ಹಾಗೆ ಕಾಣುತ್ತದೆ, ಕಲಿಕೆಯ ನ್ಯೂನತೆಯ ಹಾಗಲ್ಲ. ಲೆಕ್ಕ ಮಾಡುವಾಗ ಮಧ್ಯದ ಸಂಖ್ಯೆಗಳನ್ನು ಹಿಡಿದಿಟ್ಟುಕೊಳ್ಳುವ ಒಂದು ಸಣ್ಣ ಜಾಗ ಮನಸ್ಸಿನಲ್ಲಿದೆ. ‘ಫೇಲಾದರೆ?’ ಎಂಬ ಯೋಚನೆ ಬಂದು ಅಲ್ಲೇ ಕೂತರೆ ಸಂಖ್ಯೆಗೆ ಜಾಗ ಸಾಲುವುದಿಲ್ಲ. ಕಲಿತದ್ದು ಅಳಿಸಿಹೋಗಿಲ್ಲ, ಕೈಗೆ ಸಿಗುತ್ತಿಲ್ಲ ಅಷ್ಟೆ. ಪೇಪರ್ ಕೊಟ್ಟು ಮನೆಗೆ ಬಂದ ಮೇಲೆ ಉತ್ತರ ನೆನಪಾಗುತ್ತದಲ್ಲ, ಅದು ಇದಕ್ಕೇ.

ಓದುವ ರೀತಿ ಬದಲಿಸು. ಮನೆಯಲ್ಲಿ ಬರುತ್ತದೆ ಎನ್ನುವಾಗ ಮುಂದೆ ಗೈಡ್ ತೆರೆದಿರುತ್ತದೆಯೇ ನೋಡು. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದೆ, ಶೇ. 81ಕ್ಕೆ 75. ವಾರ ಕಳೆದ ಮೇಲೆ ತಲೆಕೆಳಗಾಯಿತು: ಮುಚ್ಚಿ ಬರೆದವರಿಗೆ ಶೇ. 56, ಬರೀ ಓದಿದವರಿಗೆ 42. ಮತ್ತೆ ಮತ್ತೆ ಓದಿದಾಗ ‘ನನಗೆ ಬರುತ್ತೆ’ ಅನ್ನಿಸುತ್ತದೆ, ಆ ಅನಿಸಿಕೆಯನ್ನು ನಂಬಿದವರೇ ಹಾಲ್‌ನಲ್ಲಿ ಗಾಬರಿಯಾಗುವುದು.

ಹೀಗೆ ಮಾಡು. ಒಂದು ಮಾದರಿ ಲೆಕ್ಕ ನೋಡು, ಮುಚ್ಚು, ಖಾಲಿ ಹಾಳೆಯಲ್ಲಿ ಮಾಡು. ಸಿಕ್ಕಿಕೊಂಡ ಹೆಜ್ಜೆಗೆ ಕೆಂಪು ಗುರುತು ಹಾಕು. ಅದೇ ಲೆಕ್ಕ ಮರುದಿನ, ಮೂರನೇ ದಿನ, ವಾರದ ಮೇಲೆ ಮತ್ತೆ. ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು, ಮನೆಯ ಮೇಜಿನ ಮೇಲಲ್ಲ, ಸಾಧ್ಯವಾದರೆ ಶಾಲೆಯ ಖಾಲಿ ಕೋಣೆಯಲ್ಲಿ ಕೂತು ಬರೆ. ಮೈ ಆ ಜಾಗಕ್ಕೆ ಹೊಂದಿಕೊಳ್ಳಬೇಕು. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಬರುವ ಲೆಕ್ಕಗಳನ್ನು ಗುರುತು ಮಾಡಿಕೊಂಡು ಅವುಗಳಿಂದಲೇ ಶುರುಮಾಡು. ಕೈ ಬೆವರಿದಾಗ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ, ಎಂಟು ಸಲ. ಇದನ್ನು ಈಗಿನಿಂದ ದಿನವೂ ಮಾಡಿದರೆ ಮಾತ್ರ ಅವತ್ತು ಕೆಲಸಕ್ಕೆ ಬರುತ್ತದೆ.

ರಾತ್ರಿ ಒಂದು ಗಂಟೆ ಬೇಡವೇ ಬೇಡ. ನಿನ್ನ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. 2024ರಿಂದ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಬರೆದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶ ಇದೆ, ಅದನ್ನೂ ನೆನಪಿಟ್ಟುಕೋ. ಎರಡು ವಾರ ಬಿಡದೆ ಬೇಸರ, ಊಟ ನಿದ್ದೆ ಕೆಡುವುದು, ಯಾವುದರಲ್ಲೂ ಇಷ್ಟವಿಲ್ಲದಿರುವುದು ಇದ್ದರೆ ಅಮ್ಮನಿಗೋ ನಿನಗೆ ಹಿಡಿಸುವ ಟೀಚರಿಗೋ ಹೇಳು. ಯಾರಿಗೂ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪಿಯು ಕಾಲೇಜಿನಲ್ಲಿ ಉಪನ್ಯಾಸಕ, ಹಾಸ್ಟೆಲಿನ ಹೊಣೆಯೂ ನನ್ನದೇ. ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬ ಟೆಸ್ಟಿನಲ್ಲಿ ಅಂಕ ಬಿದ್ದ ಮೇಲೆ ಊಟಕ್ಕೆ ಬರುವುದಿಲ್ಲ, ಪುಸ್ತಕ, ವಾಚು ಸ್ನೇಹಿತರಿಗೆ ಕೊಟ್ಟಿದ್ದಾನೆ. ಕೇಳಿದರೆ ಎಲ್ಲಿ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೋ ಎಂದು ಹಿಂಜರಿಯುತ್ತಿದ್ದೇನೆ.
– ದಾವಣಗೆರೆ

ಸರ್, ಇವತ್ತೇ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಯೋಚನೆಯ ಬಗ್ಗೆ ನೇರವಾಗಿ ಕೇಳಿಸಿಕೊಂಡ ಮಕ್ಕಳಿಗೂ ಕೇಳಿಸಿಕೊಳ್ಳದವರಿಗೂ ಸಂಕಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಿಗೂ ಕೇಳಿದ್ದರಿಂದ ಸಂಕಟ ಹೆಚ್ಚಾಗಲಿಲ್ಲ.

ಆಫೀಸಿಗೆ ಕರೆಸಬೇಡಿ, ಟೆರೇಸಿನ ಮೇಲಂತೂ ಬೇಡ, ಮೈದಾನದಲ್ಲಿ ಒಬ್ಬನನ್ನೇ ಕೂರಿಸಿಕೊಳ್ಳಿ. ಅಂಕದಿಂದ ಮಾತು ಶುರು ಮಾಡಬೇಡಿ. ‘ನಾಲ್ಕು ದಿನದಿಂದ ಊಟಕ್ಕೆ ಬಂದಿಲ್ಲ, ವಾಚ್ ಕೊಟ್ಟುಬಿಟ್ಟೆಯಂತೆ, ನನಗೆ ಯೋಚನೆಯಾಗಿದೆ’ ಎಂದು ನೀವು ಕಂಡದ್ದನ್ನು ಹೇಳಿ ಸುಮ್ಮನಿರಿ. ಆಮೇಲೆ ‘ಬದುಕೋದೇ ಬೇಡ ಅನ್ನಿಸಿದೆಯೇನಪ್ಪ?’ ಎಂದು ಸ್ಪಷ್ಟವಾಗಿ ಕೇಳಿ. ‘ಹೂಂ’ ಅಂದರೆ ‘ಹೇಗೆ, ಯಾವಾಗ ಎಂದು ಯೋಚಿಸಿದ್ದೀಯಾ?’ ಎಂಬುದನ್ನೂ ಕೇಳಲೇಬೇಕು. ‘ನಿನ್ನ ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತಾ’ ಎಂಬ ಮಾತು ಬೇಡ. ತಾನು ಹೊರೆ ಎಂದು ನಂಬಿಕೊಂಡಿರುವ ಹುಡುಗನಿಗೆ ಅದು ಇನ್ನೊಂದು ಸಾಕ್ಷಿಯಾಗುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ‘ಯಾರಿಗೆ ಹೇಳಬೇಕು ಅನ್ನೋದನ್ನ ಇಬ್ಬರೂ ಸೇರಿ ನಿರ್ಧರಿಸೋಣ’ ಅನ್ನಿ.

ಹೌದು ಎಂದರೆ ಒಂಟಿಯಾಗಿ ಬಿಡಬಾರದು. ಜೊತೆಗಿರುವ ಹುಡುಗರಿಗೆ ಪಹರೆ ಹೊರಿಸದೆ ಒಬ್ಬ ದೊಡ್ಡವರು ಇರಲಿ. ಮನೆಯವರನ್ನು ಕರೆಸಿ. ಊರಿಗೆ ಕರೆದುಕೊಂಡು ಹೋಗುವುದಾದರೆ ಕ್ರಿಮಿನಾಶಕ, ಮಾತ್ರೆಗಳನ್ನು ಬೀಗದೊಳಗೆ, ಸಾಧ್ಯವಾದರೆ ಬೇರೆಯವರ ಮನೆಯಲ್ಲಿ ಇಡಲು ಹೇಳಿ. ಆ ಹೊತ್ತಿನ ತೀವ್ರತೆ ಬಹಳ ಸಲ ಗಂಟೆಗಳಲ್ಲಿ ಇಳಿಯುತ್ತದೆ, ಆ ಗಂಟೆಗಳಲ್ಲಿ ಕೈಗೆ ಸಿಗದಂತೆ ಮಾಡುವುದೇ ಜೀವ ಉಳಿಸುತ್ತದೆ. ಅವನ ಎದುರೇ 14416ಕ್ಕೆ ಕರೆ ಮಾಡಿ, ಅದೇ ದಿನ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಮ್ಮ ಜಿಲ್ಲೆಯಲ್ಲೂ ಇದೆ. ದೇಶಕ್ಕೆಲ್ಲ ಅದರ ಮಾದರಿ ಸಿದ್ಧವಾದದ್ದು ನಮ್ಮದೇ ಬಳ್ಳಾರಿಯಲ್ಲಿ, ಎಂಬತ್ತರ ದಶಕದಲ್ಲಿ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇತ್ತು. ಆ ಲೆಕ್ಕದಲ್ಲಿ ನೂರು ಹುಡುಗರ ಹಾಸ್ಟೆಲಿನಲ್ಲಿ ಏಳು ಮಂದಿ. ಊಟದ ಹಾಜರಾತಿಯನ್ನು ದಿನವೂ ನೋಡುವ ರೂಢಿ ಇಟ್ಟುಕೊಳ್ಳಿ, ಅಂಕಪಟ್ಟಿಗಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ. ಈ ಹುಡುಗ ಚೇತರಿಸಿಕೊಂಡು ಬಂದ ಮೇಲೆ ಒಂದು ತಿಂಗಳು ಪ್ರತಿ ವಾರ ಅದೇ ಪ್ರಶ್ನೆಯನ್ನು ಅಷ್ಟೇ ನೇರವಾಗಿ ಮತ್ತೆ ಕೇಳಿ. ಎಲ್ಲಿಂದ ಜಾರಿದ ಎಂಬುದನ್ನೂ ನೋಡಿ: ಕನ್ನಡ ಮಾಧ್ಯಮದಿಂದ ಬಂದು ಪಿಯು ವಿಜ್ಞಾನದ ಇಂಗ್ಲಿಷ್ ಪಠ್ಯವನ್ನು ಪುಟಕ್ಕೆ ಅರ್ಧ ಗಂಟೆಯಂತೆ ಓದುತ್ತಿದ್ದರೆ, ಅವನಿಗೆ ಮೊದಲ ಆರು ವಾರ ಪ್ರತಿ ಅಧ್ಯಾಯದ ಪಾರಿಭಾಷಿಕ ಪದಗಳ ಕನ್ನಡ–ಇಂಗ್ಲಿಷ್ ಪಟ್ಟಿ ಮಾಡಿಸಿ ಕೊಡಿ.